ಉಗ್ಗುವವನೊಬ್ಬ ಆರ್ತೋನನ್ನು ಓದಿದ್ದು

ನನಗೆ 'ಕ' ಕಷ್ಟ. 'ಪ' ಇನ್ನೂ ಕಷ್ಟ. 'ಮ' ಕೆಲವು ದಿನ ಸಲೀಸು, ಕೆಲವು ದಿನ ಎರಡು ತುಟಿಯೂ ಅಂಟು ಹಾಕಿದ ಹಾಗೆ ಕೂತುಬಿಡುತ್ತವೆ. ಚಿಕ್ಕಂದಿನಿಂದಲೂ ನನಗೆ ಉಗ್ಗು. ಉಗ್ಗುವವರು ಬಾಯಿ ತೆರೆದರೆ ಎರಡು ಕೆಲಸ ಒಟ್ಟಿಗೆ ನಡೆಯುತ್ತಿರುತ್ತದೆ. ಒಂದು, ಮಾತಾಡುವುದು. ಇನ್ನೊಂದು, ಮೂರು ಪದ ಮುಂದೆ ಯಾವ ಅಕ್ಷರ ಹೊಂಚು ಹಾಕಿ ಕೂತಿದೆ ಅಂತ ನೋಡಿಕೊಳ್ಳುವುದು. ಕಂಡರೆ ದಾರಿ ಬದಲಿಸುವುದು. ಹೋಟೆಲಿನಲ್ಲಿ 'ಕಾಫಿ' ಅನ್ನಲಾಗದೆ ಟೀ ಕುಡಿದು ಎದ್ದು ಬಂದ ದಿನಗಳಿಗೆ ಲೆಕ್ಕವಿಲ್ಲ.

ಇಂಥ ನನಗೆ ನಾಟಕದ ಹುಚ್ಚು. ಹವ್ಯಾಸಿ ತಂಡವೊಂದರಲ್ಲಿ ಬೆಳಕಿನ ಕೆಲಸ ಸಿಕ್ಕಿತು. ತಾಲೀಮಿಗೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದೆ. ಹತ್ತು ದಿನ ಕಳೆಯುವಷ್ಟರಲ್ಲಿ ಎಲ್ಲ ಪಾತ್ರಗಳ ಮಾತೂ ನನಗೆ ಬಾಯಿಪಾಠ. ಕತ್ತಲಲ್ಲಿ ಡಿಮ್ಮರ್ ಮೇಲೆ ಕೈ ಇಟ್ಟುಕೊಂಡು ತುಟಿ ಅಲ್ಲಾಡಿಸದೆ ಎಲ್ಲರ ಮಾತನ್ನೂ ಒಳಗೇ ಆಡುತ್ತಿದ್ದೆ. ಒಳಗೆ ಯಾವತ್ತೂ ಉಗ್ಗು ಬಂದಿಲ್ಲ.

ಆ ದಿನಗಳಲ್ಲಿ ತಂಡದ ಹಿರಿಯರೊಬ್ಬರು ನನ್ನ ಕೈಗೆ ಒಂದು ಝೆರಾಕ್ಸ್ ಪ್ರತಿ ಕೊಟ್ಟರು. ಸ್ಪೈರಲ್ ಬೈಂಡ್ ಮಾಡಿಸಿದ್ದು, ಅಂಚಿನಲ್ಲಿ ಯಾರದೋ ಪೆನ್ಸಿಲ್ ಗೀಟುಗಳು. ಫ್ರೆಂಚ್ ನಟ, ರಂಗಚಿಂತಕ ಆಂತೊನಿನ್ ಆರ್ತೋನ 'ದ ಥಿಯೇಟರ್ ಅಂಡ್ ಇಟ್ಸ್ ಡಬಲ್', ಅಂದರೆ ರಂಗಭೂಮಿ ಮತ್ತು ಅದರ ಜೋಡಿ. ಮೇರಿ ಕ್ಯಾರೊಲಿನ್ ರಿಚರ್ಡ್ಸ್ 1958ರಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ತಂದ ಅನುವಾದ. "ಅರ್ಥ ಆಗದಿದ್ದರೂ ಓದು. ಕಡೇಪಕ್ಷ ಬೆಳಕಿನ ಬಗ್ಗೆ ಏನಾದ್ರೂ ಸಿಗುತ್ತೆ" ಅಂದರು. ಬೆಳಕಿನ ಬಗ್ಗೆ ಸಿಕ್ಕಿತು ನಿಜ. ಬೆಳಕು ಬರೀ ಮುಖ ಕಾಣಿಸಲಿಕ್ಕೆ ಇರುವುದಲ್ಲ, ಅದು ಬಿಸಿ, ಚಳಿ, ಸಿಟ್ಟು, ಭಯವನ್ನು ಮೈಗೆ ಮುಟ್ಟಿಸಬೇಕು ಅಂತ ಅವನು 1932ರ ಮ್ಯಾನಿಫೆಸ್ಟೋದಲ್ಲಿ ಬರೆದಿದ್ದಾನೆ. ಆದರೆ ಆ ಪುಸ್ತಕ ನನಗೆ ದಕ್ಕಿದ್ದು ಬೆಳಕಿನ ದಾರಿಯಿಂದಲ್ಲ. ಉಸಿರಿನ ದಾರಿಯಿಂದ. ಅದಕ್ಕೆ ಹತ್ತು ವರ್ಷಕ್ಕಿಂತ ಜಾಸ್ತಿ ಬೇಕಾಯಿತು.

ಮೊದಲ ಸಲ ಓದಿದಾಗ ಪೂರಾ ತಪ್ಪಾಗಿ ಓದಿದೆ. ತನಗೆ ಬೇಕಾದ ನಾಟಕಕ್ಕೆ ಆರ್ತೋ ಇಟ್ಟ 'ಕ್ರೌರ್ಯದ ರಂಗಭೂಮಿ' ಅನ್ನುವ ಹೆಸರು ಕೇಳಿದ್ದೇ ತಡ, ನಾನು ಮತ್ತು ಮೂವರು ಗೆಳೆಯರು ಸೇರಿ ಅರ್ಧ ಗಂಟೆಯ ಒಂದು ಪ್ರಯೋಗ ಮಾಡಿದೆವು. ಕೆಂಪು ಬಣ್ಣ, ಕಿರುಚಾಟ, ಕಣ್ಣಿಗೆ ಚುಚ್ಚುವ ಸ್ಟ್ರೋಬ್ ಬೆಳಕು. ಒಬ್ಬ ಗೆಳೆಯ ಪ್ರೇಕ್ಷಕರ ನಡುವೆ ಉರುಳಾಡಿದ. ಒಬ್ಬರು ಅಮ್ಮ ಎದ್ದು ಮಗುವನ್ನು ಎತ್ತಿಕೊಂಡು ಹೊರಗೆ ಹೋದರು. ನಮಗೆ ಖುಷಿಯಾಯಿತು, ಏನೋ ಸಾಧಿಸಿದ ಹಾಗೆ. ಇವತ್ತು ನೆನೆದರೆ ಆ ಮಗುವಿನ ಮುಖ ನೆನಪಾಗುತ್ತದೆ. ಅದರ ಮುಖದಲ್ಲಿ ಇದ್ದದ್ದು ಗದ್ದಲದ ಹೆದರಿಕೆ, ಅಷ್ಟೇ. ಪಟಾಕಿಗೂ ಅದೇ ಮುಖ ಇರುತ್ತಿತ್ತು.

ಪುಸ್ತಕದ ಮೊದಲ ಪ್ರಬಂಧ ಪ್ಲೇಗ್ ಬಗ್ಗೆ. ನಾಟಕದ ಪುಸ್ತಕ ರೋಗದಿಂದ ಶುರುವಾಗುತ್ತದೆ. 1720ರಲ್ಲಿ ಸಾರ್ಡೀನಿಯಾದ ವೈಸ್‌ರಾಯ್‌ಗೆ ಒಂದು ಕನಸು ಬೀಳುತ್ತದೆ, ತನಗೂ ತನ್ನ ಪುಟ್ಟ ರಾಜ್ಯಕ್ಕೂ ಪ್ಲೇಗ್ ಬಡಿದ ಹಾಗೆ. ಕೆಲವು ದಿನಕ್ಕೆ ಒಂದು ಹಡಗು ಬಂದರಿಗೆ ಬರಲು ಅನುಮತಿ ಕೇಳುತ್ತದೆ. ಬಂದರೆ ಫಿರಂಗಿ ಹಾರಿಸುತ್ತೇನೆ ಅನ್ನುತ್ತಾನೆ ವೈಸ್‌ರಾಯ್. ಜನ ಅವನಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಹಡಗು ಅಲ್ಲಿಂದ ಮುಂದೆ ಹೋಗಿ ಫ್ರಾನ್ಸಿನ ಮಾರ್ಸೇಯ್ ಬಂದರಿನಲ್ಲಿ ನಿಲ್ಲುತ್ತದೆ. ಅದೇ ಗ್ರಾಂ ಸೇಂತ್ ಆಂತ್ವಾನ್ ಹಡಗು. ಆಮೇಲೆ ಮಾರ್ಸೇಯ್‌ನಲ್ಲಿ ಹಬ್ಬಿದ ಪ್ಲೇಗ್ ಇತಿಹಾಸ. ಕನಸಿನ ಕಥೆ ಎಷ್ಟು ನಿಜವೋ, ಆದರೆ ಆರ್ತೋ ಹುಟ್ಟಿದ್ದು ಅದೇ ಮಾರ್ಸೇಯ್‌ನಲ್ಲಿ, 1896ರ ಸೆಪ್ಟೆಂಬರ್ 4ರಂದು. ತನ್ನ ಊರಿನ ಹಳೇ ಸಾವಿನಿಂದ ಅವನು ಪುಸ್ತಕ ಶುರು ಮಾಡಿದ್ದಾನೆ.

ಅವನ ವಾದ ಹೀಗೆ. ಪ್ಲೇಗ್ ಬಂದಾಗ ಊರಿನ ಕಟ್ಟುಪಾಡು ಕಳಚಿ ಬೀಳುತ್ತದೆ. ಮನುಷ್ಯನ ಒಳಗೆ ಮಲಗಿದ್ದದ್ದೆಲ್ಲ ಎದ್ದು ಬರುತ್ತದೆ. ಜಿಪುಣ ಚಿನ್ನವನ್ನು ಕಿಟಕಿಯಿಂದ ಎಸೆಯುತ್ತಾನೆ. ಒಳ್ಳೆಯ ನಾಟಕವೂ ಇದೇ ಕೆಲಸ ಮಾಡುತ್ತದೆ, ಮುಖವಾಡ ಕಳಚಿಸುತ್ತದೆ, ಬಾವು ಒಡೆಸುತ್ತದೆ. ಈ ಮಾತನ್ನು 2020ರ ಲಾಕ್‌ಡೌನಿನಲ್ಲಿ ಮತ್ತೆ ಓದಿದಾಗ ನನಗೆ ಸಿಟ್ಟು ಬಂತು. ನಮ್ಮ ಬೀದಿಯಲ್ಲೇ ಆಂಬುಲೆನ್ಸ್ ಬಂದು ನಿಂತಿತ್ತು. ಹೋದವರ ಮುಖ ಕೊನೆಗೊಮ್ಮೆ ನೋಡಲೂ ಮನೆಯವರಿಗೆ ಆಗಲಿಲ್ಲ. ಸಾಂಕ್ರಾಮಿಕ ರೋಗ ಯಾರ ಮುಖವಾಡವನ್ನೂ ಕಳಚಲಿಲ್ಲ, ಮುಖಕ್ಕೆ ಇನ್ನೊಂದು ಮಾಸ್ಕ್ ಬಂತು. ರೋಗವನ್ನು ರೂಪಕ ಮಾಡುವುದರಲ್ಲಿ ಒಂದು ತಪ್ಪಿದೆ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆರ್ತೋನನ್ನು ಎಷ್ಟು ಪ್ರೀತಿಸಿದರೂ ಈ ಜಾಗದಲ್ಲಿ ನಾನು ಅವನ ಜೊತೆ ಇಲ್ಲ.

ಆದರೆ ಅದೇ ಪ್ರಬಂಧದಲ್ಲಿ, ಅದೇ ಓದಿನಲ್ಲಿ, ಹಿಂದೆ ಕಾಣದ ಒಂದು ಸಾಲು ಕಂಡಿತು. ಪ್ಲೇಗ್ ನಿಜವಾಗಿ ಕೆಡಿಸುವುದು ಎರಡೇ ಅಂಗಗಳನ್ನು ಅನ್ನುತ್ತಾನೆ. ಮೆದುಳು ಮತ್ತು ಶ್ವಾಸಕೋಶ. ಯಾಕೆ ಇವೆರಡೇ? ಇವೆರಡೂ ನಮ್ಮ ಇಚ್ಛೆಗೆ ಸಿಗುವ ಅಂಗಗಳು. ಉಸಿರನ್ನು ನಾವು ಬೇಕೆಂದರೆ ಹಿಡಿಯಬಹುದು, ಬಿಡಬಹುದು, ಜೋರು ಮಾಡಬಹುದು. ಯೋಚನೆಯನ್ನೂ ಹಾಗೇ. ಹೃದಯಕ್ಕೆ, ಪಿತ್ತಕೋಶಕ್ಕೆ ನಾವು ಹೇಳಿದ್ದು ಕೇಳಿಸುವುದಿಲ್ಲ. ವೈದ್ಯರು ಇದನ್ನು ಒಪ್ಪಲಿಕ್ಕಿಲ್ಲ. ನಾನು ಮಾತ್ರ ಪುಸ್ತಕ ಮಡಿಸಿ ಸುಮ್ನೆ ಕೂತುಬಿಟ್ಟೆ. ಉಗ್ಗು ಅಂದರೆ ಇದೇ ಅಲ್ವಾ? ಇಚ್ಛೆಗೆ ಸಿಗಬೇಕಾದ ಉಸಿರು ಸಿಗದೇ ಹೋಗುವುದು. ಯೋಚನೆ ರೆಡಿಯಾಗಿ ಬಾಗಿಲಲ್ಲಿ ನಿಂತಿರುತ್ತದೆ. ಬಾಗಿಲು ತೆರೆಯುವುದಿಲ್ಲ. ಇದನ್ನು ಬರೆದವನಿಗೆ ಉಸಿರಿನ ತೊಂದರೆ ಹೊರಗಿನಿಂದ ಗೊತ್ತಾಗಿದ್ದಲ್ಲ ಅನ್ನಿಸಿತು.

ಹುಡುಕಿದೆ. ಸಿಕ್ಕಿತು. 1932ರಲ್ಲಿ ಆರ್ತೋ ತನಗೆ ಅಕ್ಯುಪಂಕ್ಚರ್ ಚಿಕಿತ್ಸೆ ಕೊಡುತ್ತಿದ್ದ ಸೂಲಿಯೆ ದ ಮೊರಾಂಗೆ ಬರೆದ ಒಂದು ಕಾಗದ. ತನ್ನ ಕಾಯಿಲೆಯ ಚರಿತ್ರೆಯನ್ನು ಅದರಲ್ಲಿ ಬಿಡಿಸಿ ಬಿಡಿಸಿ ಹೇಳುತ್ತಾನೆ. ಆರೇಳು ವರ್ಷದ ಹುಡುಗನಾಗಿದ್ದಾಗ ಉಗ್ಗು ಬರುತ್ತಿತ್ತು, ಮುಖದ ನರಗಳೂ ನಾಲಗೆಯೂ ಬಿಗಿದುಕೊಳ್ಳುತ್ತಿದ್ದವು ಅಂತ ಬರೆದಿದ್ದಾನೆ. ನಾಲಗೆ ಬಿಗಿದುಕೊಳ್ಳುವುದು! ನಾನು ಆ ಪುಟವನ್ನು ನನ್ನ ಹೆಂಡತಿಗೆ ತೋರಿಸಲು ಅಡುಗೆಮನೆಗೆ ಹೋದೆ. ಹೇಳಲು ಹೊರಟರೆ ಮೊದಲ ಪದವೇ ಹೊರಡಲಿಲ್ಲ. ಅವಳು ಒಲೆ ಸಣ್ಣ ಮಾಡಿ ಕಾದಳು. ಕೊನೆಗೆ ಪುಟದ ಮೇಲೆ ಬೆರಳಿಟ್ಟು ತೋರಿಸಿದೆ.

ಅಲ್ಲಿಂದ ನಾನು ಆರ್ತೋನನ್ನು ಹಿಂದುಮುಂದಾಗಿ ಓದಲು ಶುರು ಮಾಡಿದೆ. ಮ್ಯಾನಿಫೆಸ್ಟೋ ಬಿಟ್ಟು ಕಾಗದಗಳು. ಅದರಲ್ಲೂ ಜಾಕ್ ರಿವಿಯೇರ್‌ಗೆ ಬರೆದವು. ರಿವಿಯೇರ್ ಆಗ ಪ್ಯಾರಿಸ್ಸಿನ ದೊಡ್ಡ ಸಾಹಿತ್ಯ ಪತ್ರಿಕೆ 'ನೂವೆಲ್ ರೆವ್ಯೂ ಫ್ರಾಂಸೇಸ್'ನ ಸಂಪಾದಕ. 1923ರಲ್ಲಿ ಆರ್ತೋ ಕಳಿಸಿದ ಕವಿತೆಗಳನ್ನು ಅವನು ಮರ್ಯಾದೆಯಿಂದ ವಾಪಸು ಕಳಿಸಿದ. 26 ವರ್ಷದ ಹುಡುಗ ಸುಮ್ಮನಾಗಲಿಲ್ಲ. ಕವಿತೆ ಕೆಟ್ಟದಾಗಿದೆ ಅಂತ ನನಗೂ ಗೊತ್ತು, ಆದರೆ ಅದು ಯಾಕೆ ಹಾಗಿದೆ ಅಂತ ನಿಮಗೆ ಗೊತ್ತಾಗಬೇಕು ಅಂತ ಬರೆದ. ನನ್ನ ಯೋಚನೆ ನನ್ನನ್ನು ಬಿಟ್ಟು ಹೋಗುತ್ತದೆ. ಪದ ಕೈಗೆ ಬರುವಷ್ಟರಲ್ಲಿ ಯಾರೋ ಕಿತ್ತುಕೊಳ್ಳುತ್ತಾರೆ. ಈ ಮುರುಕು ಸಾಲುಗಳು ನಾನು ಆ ಶೂನ್ಯದಿಂದ ಹೇಗೋ ಉಳಿಸಿಕೊಂಡು ತಂದ ಚೂರುಗಳು. ಅವಕ್ಕೆ ಇರುವ ಹಕ್ಕು ಇಲ್ಲವೇ? ಹೆಚ್ಚು ಕಡಿಮೆ ಇದೇ ಅವನ ಪ್ರಶ್ನೆ.

ರಿವಿಯೇರ್ ದೊಡ್ಡ ಮನುಷ್ಯ. ಕವಿತೆ ಹಾಕದೆ 1924ರಲ್ಲಿ ಈ ಕಾಗದಗಳನ್ನೇ ಅಚ್ಚು ಹಾಕಿದ. ಆರ್ತೋ ಲೇಖಕನಾಗಿ ಹೆಸರು ಮಾಡಿದ್ದು ಹೀಗೆ, ಬರೆಯಲು ಆಗುತ್ತಿಲ್ಲ ಅಂತ ಬರೆದು. ಈ ಕಾಗದಗಳನ್ನು ಓದದೆ ಅವನ ರಂಗಸಿದ್ಧಾಂತ ಓದಬಾರದು ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಮಾತಿನ ಮೇಲೆ ಅವನಿಗಿದ್ದ ಸಿಟ್ಟು ಪಂಡಿತರ ಸಿಟ್ಟಲ್ಲ. ಮಾತು ಕೈಕೊಟ್ಟವನ ಸಿಟ್ಟು. ಬರೀ ಮಾತಿನ ಮೇಲೆ ನಿಂತ ಪ್ಯಾರಿಸ್ಸಿನ ನಾಟಕ, ಸೋಫಾದಲ್ಲಿ ಕೂತು ಒಬ್ಬರ ಮನಸ್ಸನ್ನು ಇನ್ನೊಬ್ಬರು ಬಿಡಿಸಿ ಹೇಳುವ ನಾಟಕ, ಅವನಿಗೆ ಸುಳ್ಳು ಅನ್ನಿಸಿದ್ದು ಅದಕ್ಕೆ. ಮನಸ್ಸಿನಲ್ಲಿದ್ದದ್ದು ಅಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಅಂತ ಯಾರು ಹೇಳಿದರು?

ಮಾತನ್ನೇ ಬಿಸಾಡಿ ಅಂತ ಅವನು ಹೇಳಿದ ಅನ್ನುವುದು ಜನ ಮಾಡಿಕೊಂಡ ತಪ್ಪು ಕಲ್ಪನೆ. ಕನಸಿನಲ್ಲಿ ಮಾತಿಗೆ ಎಷ್ಟು ಜಾಗ ಇರುತ್ತದೋ ಅಷ್ಟು ಜಾಗ ಕೊಡಿ ಅಂದ. ಕನಸಿನಲ್ಲಿ ಯಾರೋ ಒಂದು ಪದ ಹೇಳಿರುತ್ತಾರೆ, ಎದ್ದ ಮೇಲೂ ದಿನವಿಡೀ ಅದು ಕಿವಿಯಲ್ಲಿ ಗುಂಯ್ ಅನ್ನುತ್ತಿರುತ್ತದೆ. ಮಂತ್ರದ ಹಾಗೆ. ಅರ್ಥಕ್ಕಿಂತ ಮೊದಲು ಸದ್ದು, ಸದ್ದಿಗಿಂತ ಮೊದಲು ಉಸಿರು.

ಈಗ ಆ 'ಕ್ರೌರ್ಯ'ಕ್ಕೆ ಬರುತ್ತೇನೆ. ಈ ಪದ ಅವನಿಗೆ ಬದುಕಿರುವಾಗಲೇ ತಲೆನೋವಾಗಿತ್ತು. 1932ರಲ್ಲಿ ಗೆಳೆಯ ಜಾಂ ಪೋಲಾಂಗೆ ಬರೆದ ಕಾಗದಗಳಲ್ಲಿ ಬಿಡಿಸಿ ಹೇಳಲು ಒದ್ದಾಡುತ್ತಾನೆ. ರಕ್ತ ಅಲ್ಲ, ಮಾಂಸ ಕಡಿಯುವುದಲ್ಲ, ಇನ್ನೊಬ್ಬರನ್ನು ಹಿಂಸಿಸುವ ಖುಷಿ ಅಲ್ಲ. ಬಿಗಿ, ಕಟ್ಟುನಿಟ್ಟು, ಹಿಂದೆ ಸರಿಯದ ನಿರ್ಧಾರ. ಕ್ರೌರ್ಯ ಮೊದಲು ತನ್ನ ಮೇಲೆ. ಎಚ್ಚರ ಇಲ್ಲದೆ ಕ್ರೌರ್ಯ ಇಲ್ಲ ಅನ್ನುತ್ತಾನೆ. ಪುಸ್ತಕದ ಇನ್ನೊಂದು ಕಡೆ ಬರುವ ಮಾತು ಎಲ್ಲರಿಗೂ ಗೊತ್ತಿರುವುದೇ. ನಾವು ಸ್ವತಂತ್ರರಲ್ಲ, ಆಕಾಶ ಇನ್ನೂ ನಮ್ಮ ತಲೆ ಮೇಲೆ ಬೀಳಬಹುದು, ರಂಗಭೂಮಿ ಇರುವುದೇ ಮೊದಲು ಅದನ್ನು ಕಲಿಸುವುದಕ್ಕೆ.

ಕನ್ನಡದಲ್ಲಿ 'ಕ್ರೌರ್ಯ' ಅಂದ ಕೂಡಲೇ ನಮಗೆ ಕಾಣುವುದು ಹೊಡೆಯುವ ಕೈ. ಆ ಪದ ನನ್ನನ್ನೂ ನನ್ನ ಗೆಳೆಯರನ್ನೂ ಕೆಂಪು ಬಣ್ಣದ ಡಬ್ಬಿಯ ಹತ್ತಿರ ಕರೆದುಕೊಂಡು ಹೋಯಿತು. ನಾನು ಈಗ ಓದುವಾಗ ಮನಸ್ಸಿನಲ್ಲಿ 'ನಿಷ್ಠುರ' ಅಂತ ಹಾಕಿಕೊಳ್ಳುತ್ತೇನೆ. ವಚನಗಳಲ್ಲಿ ಬರುವ 'ನ್ಯಾಯನಿಷ್ಠುರಿ'ಯ ನಿಷ್ಠುರ. ಅಲ್ಲಿ ಯಾರಿಗೂ ಹೊಡೆತ ಇಲ್ಲ, ದಾಕ್ಷಿಣ್ಯವೂ ಇಲ್ಲ. ನಿಷ್ಠುರದ ರಂಗಭೂಮಿ. ಒಬ್ಬ ನಟಿ ಬೆಳಿಗ್ಗೆಯಿಂದ ಒಂದೇ ಹೆಜ್ಜೆಯನ್ನು ನೂರು ಸಲ ಇಟ್ಟು ನೋಡಿ, ಇದು ಸುಳ್ಳು ಅಂತ ಗೊತ್ತಾದಾಗ ನೂರ ಒಂದನೇ ಸಲ ಇಡುತ್ತಾಳಲ್ಲ, ಅದು. ನಮ್ಮ ತಂಡದಲ್ಲಿ ಅಂಥ ಒಬ್ಬರಿದ್ದರು. ತಾಲೀಮು ಮುಗಿದು ಎಲ್ಲರೂ ಟೀ ಕುಡಿಯಲು ಹೋದ ಮೇಲೂ ಒಬ್ಬರೇ ರಂಗದ ಮೇಲೆ ಕುರ್ಚಿಯಿಂದ ಏಳುವುದು, ಕೂರುವುದು ಮಾಡುತ್ತಿರುತ್ತಿದ್ದರು. ನಾನು ಒಂದು ಸಣ್ಣ ಸ್ಪಾಟ್ ಹಾಕಿ ಕೊಡುತ್ತಿದ್ದೆ. ಅವರ ಮೊಣಕಾಲು ಕುರ್ಚಿಯ ಅಂಚು ಬಿಡುವ ಒಂದು ಕ್ಷಣ ಇತ್ತು. ಅದು ಸರಿಯಾಗುವವರೆಗೆ ಮನೆಗೆ ಹೋಗುತ್ತಿರಲಿಲ್ಲ.

1931ರಲ್ಲಿ ಪ್ಯಾರಿಸ್ಸಿನ ವಸಾಹತು ಪ್ರದರ್ಶನದಲ್ಲಿ, ಡಚ್ಚರ ಮಂಟಪದಲ್ಲಿ, ಆಗ ಅವರ ವಸಾಹತಾಗಿದ್ದ ಬಾಲಿ ದ್ವೀಪದ ಕಲಾವಿದರು ಕುಣಿದರು. ಆರ್ತೋನ ಹಳೆಯ ಗೆಳೆಯರಾದ ಸರ್ರಿಯಲಿಸ್ಟರು, ಅಂದರೆ ಕನಸು ಮತ್ತು ಒಳಮನಸ್ಸಿನಿಂದ ಕಲೆ ಹುಟ್ಟಬೇಕು ಅನ್ನುತ್ತಿದ್ದ ಗುಂಪಿನವರು, ಆ ಪ್ರದರ್ಶನಕ್ಕೆ ಹೋಗಬೇಡಿ ಅಂತ ಕರಪತ್ರ ಹಂಚಿದ್ದರು. ಅವರು ಇವನನ್ನು ಗುಂಪಿನಿಂದ ಹೊರಗೆ ಹಾಕಿ ಆಗಲೇ ನಾಲ್ಕೈದು ವರ್ಷ ಆಗಿತ್ತು. ಇವನು ಹೋದ. ನೋಡಿ ಬೆಚ್ಚಿಬಿದ್ದ. ಕಣ್ಣು ತಿರುಗುವುದಕ್ಕೂ ಲೆಕ್ಕ, ಬೆರಳು ಮಡಿಸುವುದಕ್ಕೂ ಲೆಕ್ಕ, ಆದರೂ ಮೈಯೆಲ್ಲ ಜೀವ. ಇಲ್ಲಿ ಯೋಚನೆ ಮಾತಿಗೆ ಬರುವ ಮೊದಲೇ ಮೈಯಲ್ಲಿ ಕಾಣಿಸುತ್ತಿದೆ ಅಂತ ಬರೆದ.

ಈ ಪ್ರಬಂಧ ಓದುವಾಗ ನಮ್ಮ ಕಡೆಯವರಿಗೆ ಒಂಥರಾ ಆಗುತ್ತದೆ. ಯಕ್ಷಗಾನ ನೋಡಿ ಬೆಳೆದವರಿಗೆ ಅವನು ಬಣ್ಣಿಸುವುದು ಹೊಸದಲ್ಲ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿದ್ದ ಮನುಷ್ಯ ರಂಗಸ್ಥಳಕ್ಕೆ ಬಂದಾಗ ಯಾರೋ ಬೇರೆಯೇ ಆಗಿರುತ್ತಾನೆ. ಚಂಡೆಯ ಪೆಟ್ಟು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಆದರೆ ಅಲ್ಲಿಗೆ ನಿಲ್ಲಿಸಿ 'ನೋಡಿ, ಅವನು ಹುಡುಕಿದ್ದು ನಮ್ಮಲ್ಲಿತ್ತು' ಅಂತ ಎದೆ ಉಬ್ಬಿಸುವುದು ನನಗೆ ಇಷ್ಟವಿಲ್ಲ. ಯಕ್ಷಗಾನದಲ್ಲಿ ಮಾತೂ ಇದೆ, ಧಾರಾಳವಾಗಿ. ಅರ್ಥ ಹೇಳುವವರು ಗಂಟೆಗಟ್ಟಲೆ ವಾದ ಮಾಡುತ್ತಾರೆ, ಅದನ್ನು ಕೇಳಲೆಂದೇ ಜನ ಕೂರುತ್ತಾರೆ. ಬಾಲಿಯಲ್ಲೂ ಕಥೆ ಇತ್ತು, ಹಾಸ್ಯ ಇತ್ತು, ಆ ಊರಿನವರಿಗೆ ಮಾತ್ರ ತಿಳಿಯುವ ಗುರುತುಗಳಿದ್ದವು. ಆರ್ತೋ ಅವನ್ನೆಲ್ಲ ಬ್ರಹ್ಮಾಂಡದ ಸಂಕೇತ ಅಂತ ಓದಿದ. ಅವನು ಬಾಲಿಯನ್ನು ತಪ್ಪಾಗಿ ಓದಿದ ಅಂತ ಪೋಲೆಂಡಿನ ರಂಗನಿರ್ದೇಶಕ ಗ್ರೊಟೊವ್‌ಸ್ಕಿ ಮುಲಾಜಿಲ್ಲದೆ ಹೇಳಿದ್ದಾನೆ, ಅವನನ್ನು ಅಷ್ಟು ಗೌರವಿಸುತ್ತಲೇ. ನನಗನ್ನಿಸುವುದು ಇಷ್ಟು: ಹಸಿದವನು ಅಂಗಡಿಯ ಮುಂದೆ ನಿಂತರೆ ಬೋರ್ಡಿನಲ್ಲಿ ಏನು ಬರೆದಿದೆ ಅಂತ ಓದುವುದಿಲ್ಲ. ಮಾತಿನ ಹಂಗಿಲ್ಲದೆ ಒಬ್ಬ ಮನುಷ್ಯ ಪೂರ್ತಿಯಾಗಿ ಹೊರಗೆ ಬರಬಹುದು ಅಂತ ಅವನಿಗೆ ಕಣ್ಣಾರೆ ನೋಡಬೇಕಿತ್ತು. ನೋಡಿದ.

ಪುಸ್ತಕದ ಕೊನೆಯ ಕಡೆಗೆ ನಟನ ಉಸಿರಿನ ಬಗ್ಗೆ ಒಂದು ಪ್ರಬಂಧ ಇದೆ. ನಟ ಅಂದರೆ ಹೃದಯದ ಅಥ್ಲೀಟ್ ಅನ್ನುತ್ತಾನೆ. ಓಟಗಾರನಿಗೆ ತೊಡೆಯ ಸ್ನಾಯು ಹೇಗೋ ನಟನಿಗೆ ಭಾವದ ಸ್ನಾಯು ಹಾಗೆ, ಅದು ಮೈಯಲ್ಲಿ ಒಂದು ಜಾಗದಲ್ಲಿ ಇದೆ, ಉಸಿರಿನಿಂದ ಅದನ್ನು ಮುಟ್ಟಬಹುದು. ಯಹೂದಿಗಳ ಗೂಢವಿದ್ಯೆ ಕಬ್ಬಾಲಾದಿಂದ ತಂದ ಗಂಡು, ಹೆಣ್ಣು, ನಪುಂಸಕ ಅನ್ನುವ ಮೂರು ಬಗೆಯ ಉಸಿರಿನ ಲೆಕ್ಕ ನನಗೆ ಹಿಡಿಸಲಿಲ್ಲ, ಅದನ್ನು ಬಿಡುತ್ತೇನೆ. ಹಿಡಿಸಿದ್ದು ಒಂದೇ ಮಾತು. ನಮಗೆ ಸಿಟ್ಟು ಬಂದರೆ ಉಸಿರು ಬದಲಾಗುತ್ತದೆ ಅಂತ ಗೊತ್ತು. ಅದರ ಉಲ್ಟಾವೂ ನಿಜ. ಉಸಿರನ್ನು ಬದಲಿಸಿದರೆ ಸಿಟ್ಟು ಬರುತ್ತದೆ.

ಉಗ್ಗಿಗೆ ನನ್ನನ್ನು ಚಿಕ್ಕಂದಿನಲ್ಲಿ ಎಲ್ಲೆಲ್ಲಿಗೋ ಕರೆದುಕೊಂಡು ಹೋಗಿದ್ದರು. ಎಲ್ಲರೂ ಹೇಳುತ್ತಿದ್ದದ್ದು ಒಂದೇ: "ನಿಧಾನಕ್ಕೆ ಉಸಿರು ಎಳ್ಕೋ, ಗಾಬರಿ ಆಗ್ಬೇಡ." ಅಂದರೆ ಉಸಿರು ಗಾಬರಿಯನ್ನು ಇಳಿಸುವ ಔಷಧಿ. ಮಾತು ಸರಾಗ ಆಗಬೇಕು, ಕೇಳುವವರಿಗೆ ತೊಂದರೆ ಆಗಬಾರದು, ಅದಕ್ಕೆ ಉಸಿರು. ಉಸಿರಿಗೆ ತನ್ನದೇ ಒಂದು ಮಾತು ಇರಬಹುದು ಅಂತ ಯಾರೂ ಹೇಳಿರಲಿಲ್ಲ. 'ಕ' ಅನ್ನುವುದಕ್ಕೆ ಮೊದಲು ನನ್ನ ಗಂಟಲಲ್ಲಿ ಗಾಳಿ ಕಟ್ಟಿಕೊಂಡು ನಿಲ್ಲುತ್ತದಲ್ಲ, ಆ ಎರಡು ಸೆಕೆಂಡು, ಅಲ್ಲಿ ಏನಿದೆ ಅಂತ ನಾನೇ ಯಾವತ್ತೂ ನೋಡಿರಲಿಲ್ಲ. ಅದರಿಂದ ತಪ್ಪಿಸಿಕೊಳ್ಳುವುದಷ್ಟೇ ಗೊತ್ತಿತ್ತು.

ಒಂದು ಸಂಜೆ ಟೆರೇಸಿನ ಮೇಲೆ, ಒಣಹಾಕಿದ ಬಟ್ಟೆಗಳ ನಡುವೆ ನಿಂತು, ಬೇಕೆಂದೇ ಆ ಜಾಗಕ್ಕೆ ಹೋದೆ. 'ಕಾಡು' ಅನ್ನುವ ಪದ ತೆಗೆದುಕೊಂಡೆ. ಗಂಟಲು ಬಿಗಿಯಿತು. ಬಿಡಿಸಿಕೊಳ್ಳಲು ಹೋಗಲಿಲ್ಲ. ಹೊಟ್ಟೆ ಕಲ್ಲಿನ ಹಾಗಾಯಿತು, ಭುಜ ಮೇಲೆ ಬಂತು, ಎಡಗೈ ಹೆಬ್ಬೆರಳು ತಾನಾಗಿ ಮಡಚಿಕೊಂಡಿತು. ಆ ಹೆಬ್ಬೆರಳನ್ನು ಇಷ್ಟು ವರ್ಷದಲ್ಲಿ ನಾನು ನೋಡಿಯೇ ಇರಲಿಲ್ಲ. ಆಮೇಲೆ ಸದ್ದು ಹೊರಗೆ ಬಂತು. ಮುರಿದೇ ಬಂತು. ಆದರೆ ಅದರಲ್ಲಿ ನಿಜಕ್ಕೂ ಕಾಡು ಇತ್ತು. ಪಕ್ಕದ ಟೆರೇಸಿನ ಅಜ್ಜಿ "ಏನಪ್ಪಾ, ಹುಷಾರಾಗಿದ್ದೀಯಾ?" ಅಂತ ಕೇಳಿದರು. "ಹೂಂ ಅಜ್ಜಿ" ಅಂದೆ. ಅದು ಸಲೀಸಾಗಿ ಬಂತು.

ಉಗ್ಗು ಹೋಯಿತಾ? ಇಲ್ಲ. ಹೋಗುವುದೂ ಬೇಕಾಗಿಲ್ಲ ಅನ್ನುವಷ್ಟು ದೂರ ನಾನಿನ್ನೂ ಬಂದಿಲ್ಲ, ಹೋದರೆ ಖುಷಿಯೇ. ಆದರೆ ಅದು ಬಂದಾಗ ಈಗ ನಾನು ಓಡುವುದಿಲ್ಲ.

1933ರ ಏಪ್ರಿಲ್ 6ರಂದು ಸಾರ್ಬಾನ್‌ನಲ್ಲಿ ಅದೇ ಪ್ಲೇಗ್ ಪ್ರಬಂಧವನ್ನು ಆರ್ತೋ ಉಪನ್ಯಾಸವಾಗಿ ಓದಿದ. ಲೇಖಕಿ ಅನಾಯಿಸ್ ನಿನ್ ಸಭೆಯಲ್ಲಿದ್ದರು, ಡೈರಿಯಲ್ಲಿ ಬರೆದಿಟ್ಟಿದ್ದಾರೆ. ಓದುತ್ತಾ ಓದುತ್ತಾ ಅವನು ಓದುವುದನ್ನು ಬಿಟ್ಟುಬಿಟ್ಟ. ಪ್ಲೇಗಿನಿಂದ ಸಾಯತೊಡಗಿದ. ಮುಖ ಸೆಟೆದುಕೊಂಡಿತು, ಕೂದಲು ಬೆವರಿನಲ್ಲಿ ತೊಯ್ದಿತು, ಬೆರಳು ಬಿಗಿದವು, ಕಿರುಚಿದ. ಜನ ಮೊದಲು ಉಸಿರು ಬಿಗಿಹಿಡಿದರು. ಆಮೇಲೆ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಬಾಗಿಲು ಬಡಿದುಕೊಂಡು ಹೋದರು. ಅವನು ನಿಲ್ಲಿಸಲಿಲ್ಲ. ಕೊನೆಗೆ ಉಳಿದವರು ಕೆಲವೇ ಗೆಳೆಯರು. ಎದ್ದು ಹೋದವರಿಗೆ ಪ್ಲೇಗಿನ ಬಗ್ಗೆ ಕೇಳಬೇಕಿತ್ತು, ನಾನು ಪ್ಲೇಗನ್ನೇ ಕೊಡಬೇಕು ಅಂತಿದ್ದೆ ಅಂತ ಆಮೇಲೆ ಅನಾಯಿಸ್‌ಗೆ ಹೇಳಿದನಂತೆ.

ಶಾಲೆಯಲ್ಲಿ ನಿಂತು ಓದುವಾಗ ಕ್ಲಾಸು ನಗುವುದನ್ನು ಕೇಳಿದವರಿಗೆ ಆ ಸಭೆ ಹೇಗಿತ್ತು ಅಂತ ಬೇರೆ ಹೇಳಬೇಕಾಗಿಲ್ಲ. ನಗು ಶುರುವಾದ ಮೇಲೂ ಅವನು ಕೂರಲಿಲ್ಲ ಅನ್ನುವುದನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ ಗೊತ್ತಿಲ್ಲ.

ಆಮೇಲಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಜನ ಅದನ್ನೇ ಜಾಸ್ತಿ ಹೇಳುತ್ತಾರೆ. 1935ರ ಮೇ ತಿಂಗಳಲ್ಲಿ 'ಲೇ ಚೆಂಚಿ' ಅನ್ನುವ ನಾಟಕ ಆಡಿಸಿದ. ಚಿತ್ರಕಾರ ಬಾಲ್ತ್ಯೂಸ್‌ನ ರಂಗಸಜ್ಜಿಕೆ. 17 ಪ್ರದರ್ಶನಕ್ಕೆ ನಿಂತುಹೋಯಿತು. ಮೆಕ್ಸಿಕೋಗೆ ಹೋದ. ಹಡಗಿನಲ್ಲಿ ಕೂತು ಪೋಲಾಂಗೆ ಕಾಗದ ಬರೆದ, ಪುಸ್ತಕಕ್ಕೆ ಹೆಸರು ಸಿಕ್ಕಿತು ಅಂತ. ರಂಗಭೂಮಿ ಬದುಕಿನ ಜೋಡಿ ಆದರೆ, ಬದುಕು ನಿಜವಾದ ರಂಗಭೂಮಿಯ ಜೋಡಿ. 1937ರಲ್ಲಿ ಐರ್ಲೆಂಡಿನಿಂದ ಅವನನ್ನು ಹೊರಗೆ ಹಾಕಿದರು. ಹಡಗಿನಿಂದ ಇಳಿಸಿದ್ದು ನೇರ ಮಾನಸಿಕ ಆಸ್ಪತ್ರೆಗೆ. 1938ರ ಫೆಬ್ರುವರಿಯಲ್ಲಿ ಪುಸ್ತಕ ಅಚ್ಚಾಗಿ ಬಂದಾಗ, 400 ಪ್ರತಿ, ಅವನು ಒಳಗಿದ್ದ. ಇಪ್ಪತ್ತನೇ ಶತಮಾನದ ರಂಗಭೂಮಿಯನ್ನು ಅಲುಗಾಡಿಸಿದ ಪುಸ್ತಕ. ಇಂಗ್ಲಿಷ್ ರಂಗನಿರ್ದೇಶಕ ಪೀಟರ್ ಬ್ರೂಕ್ 1964ರಲ್ಲಿ ಲಂಡನ್ನಿನಲ್ಲಿ ಅವನ ಹೆಸರಿನ ಮೇಲೆ ಒಂದು ಇಡೀ ಪ್ರಯೋಗ ಸರಣಿಯನ್ನೇ ನಡೆಸಿದ.

ಒಂಬತ್ತು ವರ್ಷ ಆಸ್ಪತ್ರೆಯಿಂದ ಆಸ್ಪತ್ರೆಗೆ. ಯುದ್ಧದ ವರ್ಷಗಳಲ್ಲಿ ಫ್ರಾನ್ಸಿನ ಮಾನಸಿಕ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳು ಹಸಿವಿನಿಂದ ಸತ್ತರು. ಇವನು ಹಲ್ಲು ಕಳೆದುಕೊಂಡು ಎಲುಬಿನ ಗೂಡಾಗಿ ಬದುಕಿ ಉಳಿದ. ರೊದೇಸ್ ಆಸ್ಪತ್ರೆಯಲ್ಲಿ 50ಕ್ಕೂ ಹೆಚ್ಚು ಸಲ ವಿದ್ಯುತ್ ಶಾಕ್ ಕೊಟ್ಟರು. ಶುರುವಿನಲ್ಲೇ ಬೆನ್ನುಮೂಳೆಗೆ ಪೆಟ್ಟಾಯಿತು. ಸಾಕು, ಇನ್ನು ಕೊಡಬೇಡಿ ಅಂತ ಬೇಡಿಕೊಂಡು ವೈದ್ಯರಿಗೆ ಬರೆದ ಕಾಗದಗಳಿವೆ. ಅವನ ಹುಚ್ಚನ್ನು ಕಿರೀಟದ ಹಾಗೆ ತೋರಿಸುವ ಬರಹಗಳು ನನಗೆ ಬೇಸರ ತರಿಸುತ್ತವೆ. ಅವನಿಗೆ ಅದು ನೋವು. ಅಷ್ಟೇ ನೋವು.

1946ರಲ್ಲಿ ಗೆಳೆಯರು ಬಿಡಿಸಿಕೊಂಡು ಬಂದರು. ಪ್ಯಾರಿಸ್ ಪಕ್ಕದ ಇವ್ರಿಯಲ್ಲಿ ಒಂದು ಕೋಣೆ. ಮರುವರ್ಷ ನವೆಂಬರಿನಲ್ಲಿ ಫ್ರೆಂಚ್ ರೇಡಿಯೋಗೆ ಒಂದು ಕಾರ್ಯಕ್ರಮ ಧ್ವನಿಮುದ್ರಿಸಿದ: 'ದೇವರ ತೀರ್ಪಿಗೆ ಮುಕ್ತಾಯ ಹಾಡಲು' ಅನ್ನಬಹುದು. ಜೊತೆಗೆ ದನಿ ಕೊಟ್ಟವರು ಮಾರಿಯಾ ಕಸಾರೆಸ್, ರೋಜೆ ಬ್ಲಾಂ, ಪೋಲ್ ತೆವ್ನಾಂ. 1948ರ ಫೆಬ್ರುವರಿ 2ರಂದು ಪ್ರಸಾರ ಆಗಬೇಕಿತ್ತು. ಹಿಂದಿನ ದಿನ ರೇಡಿಯೋದ ನಿರ್ದೇಶಕರು ತಡೆದರು. ಕವಿಗಳನ್ನು, ಕಲಾವಿದರನ್ನು ಕರೆಸಿ ಕೇಳಿಸಿದರು. ಅವರು ಪ್ರಸಾರ ಮಾಡಿ ಅಂದರು. ಆದರೂ ಮಾಡಲಿಲ್ಲ. ಮಾರ್ಚ್ 4ರಂದು ಬೆಳಿಗ್ಗೆ ಇವ್ರಿಯ ಕೋಣೆಯಲ್ಲಿ, ಮಂಚದ ಬುಡದಲ್ಲಿ ಕೂತ ಹಾಗೇ ಆರ್ತೋ ಸತ್ತಿದ್ದ. ವಯಸ್ಸು 51.

ಆ ಧ್ವನಿಮುದ್ರಣ ಉಳಿದಿದೆ. ಈಗ ಯಾರು ಬೇಕಾದರೂ ಕೇಳಬಹುದು. ನಾನು ತುಂಬ ದಿನ ಮುಂದೂಡಿದೆ. ಪುಟದ ಮೇಲಿನ ಮನುಷ್ಯ ನನಗೆ ಹತ್ತಿರ ಆಗಿಬಿಟ್ಟಿದ್ದ, ಅವನ ನಿಜವಾದ ದನಿ ಕೇಳಲು ಹೆದರಿಕೆ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು ಕೂತೆ.

ದನಿ ನಾನು ಅಂದುಕೊಂಡ ಹಾಗಿರಲಿಲ್ಲ. ಗಂಡಸಿನ ದನಿ ಅಂತ ಮೊದಲು ಗೊತ್ತಾಗುವುದಿಲ್ಲ. ತೆಳ್ಳಗೆ, ಮೇಲಕ್ಕೆ ಏರುತ್ತದೆ, ಮುದುಕಿ ಜಗಳ ಆಡುವ ಹಾಗೆ, ಮಗು ಹಟ ಮಾಡುವ ಹಾಗೆ. ಒಂದೊಂದು ಅಕ್ಷರವನ್ನೂ ಹಲ್ಲಿಲ್ಲದ ಬಾಯಲ್ಲಿ ಅಗಿದು ಎಸೆಯುತ್ತಾನೆ. ನನಗೆ ಫ್ರೆಂಚ್ ಬರುವುದಿಲ್ಲ. ಮುಂದೆ ಇಂಗ್ಲಿಷ್ ಅನುವಾದದ ಹಾಳೆ ಇತ್ತು, ಸ್ವಲ್ಪ ಹೊತ್ತು ಹಿಂಬಾಲಿಸಿದೆ, ಆಮೇಲೆ ಬಿಟ್ಟೆ. ನಡುವೆ ಡೋಲು ಬಡಿಯುತ್ತಾನೆ. ಕಿರುಚುತ್ತಾನೆ. ಆ ಕಿರುಚಾಟಕ್ಕೂ ನಾವು ಅವತ್ತು ಕೆಂಪು ಬಣ್ಣ ಹಚ್ಚಿಕೊಂಡು ಮಾಡಿದ ಕಿರುಚಾಟಕ್ಕೂ ಇರುವ ವ್ಯತ್ಯಾಸ ಒಂದೇ ಕ್ಷಣದಲ್ಲಿ ಗೊತ್ತಾಯಿತು. ಅದು ಅಳತೆ ಹಾಕಿ ಇಟ್ಟ ಕಿರುಚಾಟ. ಎಲ್ಲಿ ಶುರು, ಎಲ್ಲಿ ಕೊನೆ ಅಂತ ಅವನಿಗೆ ಗೊತ್ತು.

ಆಮೇಲೆ ಅವನೇ ಕಟ್ಟಿದ ಪದಗಳು ಬಂದವು. ಯಾವ ಭಾಷೆಯವೂ ಅಲ್ಲ. ಅರ್ಥ ಇಲ್ಲ. ಗಟ್ಟಿ ವ್ಯಂಜನಗಳು, ಒಂದರ ಹಿಂದೆ ಒಂದು, ಮಂತ್ರದ ಹಾಗೆ ಒಂದು ಲಯದಲ್ಲಿ. ಅದರಲ್ಲಿ 'ಕ' ಇತ್ತು. 'ಪ' ಇತ್ತು. ಹಿಂದೆ ಹೋಗಿ ಅಷ್ಟನ್ನೇ ಮತ್ತೆ ಹಾಕಿದೆ. ಮೂರನೇ ಸಲ ನನ್ನ ತುಟಿ ಅಲ್ಲಾಡುತ್ತಿತ್ತು. ನಾಲ್ಕನೇ ಸಲ ದನಿ ಹೊರಗೆ ಬಂತು. ಹೊರಗೆ ಮಳೆ ಜೋರಾಗಿತ್ತು, ಯಾರಿಗೂ ಕೇಳಿಸುತ್ತಿರಲಿಲ್ಲ, ಹಾಗಾಗಿ ಇನ್ನಷ್ಟು ಜೋರಾಗಿ ಅವನ ಜೊತೆಗೇ ಹೇಳಿದೆ. ಒಂದು ಕಡೆಯೂ ತಡೆಯಲಿಲ್ಲ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಹೆಡ್‌ಫೋನಿನ ಒಂದು ಕಡೆ ಬಿಚ್ಚಿ ಅವಳ ಕಿವಿಗೆ ಹಿಡಿದೆ. ಪಕ್ಕದಲ್ಲಿ ಕೂತು ಕೇಳಿದಳು.